‘ಮೂರನೇದಕ್ಕೆ ನೋಡೋಣ’: ನಾಲ್ವರು ಗೆಳತಿಯರ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ನಾಲ್ವರು ಹೆಂಗಸರಿದ್ದೇವೆ. ಅವರಲ್ಲಿ ಒಬ್ಬಳು ನಾನು. ಮೈಸೂರಿನ ಕಾಲೇಜೊಂದರಲ್ಲಿ ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಪ್ರಕರಣ ಅಧ್ಯಯನ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಬರೆಯುವವರು ಪ್ರಕರಣದಿಂದ ಹೊರಗೆ ನಿಂತು ಬರೆಯಬೇಕೆಂದು ಪ್ರತಿ ವರ್ಷವೂ ಹೇಳುತ್ತೇನೆ. ಇಲ್ಲಿ ಹಾಗೆ ನಿಲ್ಲುವುದು ನನಗೆ ಸಾಧ್ಯವಿಲ್ಲ, ಏಕೆಂದರೆ ಇದರಲ್ಲಿ ಆದ ನೋವಿನ ಒಂದು ಭಾಗ ನನ್ನಿಂದಲೇ ಆದದ್ದು. ಉಳಿದ ಮೂವರೂ ಓದಿ, ತಿದ್ದಿ, ಬರೆಯಬಹುದೆಂದು ಒಪ್ಪಿದ್ದಾರೆ. ಹೆಸರು ಬೇಡವೆಂದು ಅವರು ಕೇಳಿಕೊಂಡದ್ದರಿಂದ ಅವರವರ ಕೆಲಸದಿಂದಲೇ ಗುರುತಿಸಿದ್ದೇನೆ: ಮೈಸೂರಿನ ಖಾಸಗಿ ಬ್ಯಾಂಕೊಂದರ ಶಾಖೆಯಲ್ಲಿರುವವಳು ಬ್ಯಾಂಕಿನವಳು, ಮಂಡ್ಯದ ಪ್ರೌಢಶಾಲೆಯಲ್ಲಿ ಪಾಠ ಮಾಡುವವಳು ಟೀಚರು, ಮೈಸೂರಿನದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಸಾಫ್ಟ್‌ವೇರ್ ಕಂಪನಿಯಲ್ಲಿರುವವಳು ಎಂಜಿನಿಯರು.

ಹಿನ್ನೆಲೆ

2004ರಲ್ಲಿ ಪದವಿಗೆ ಸೇರಿದಾಗ ನಾವು ನಾಲ್ವರೂ ಹಾಸ್ಟೆಲಿನ ಒಂದೇ ಕೋಣೆಗೆ ಬಿದ್ದೆವು. ಬಿಸಿನೀರಿಗೆ ಸರದಿ ಹಚ್ಚಿಕೊಂಡು, ಶನಿವಾರ ದೇವರಾಜ ಮಾರುಕಟ್ಟೆಯಿಂದ ತಂದ ಒಂದು ಮಾರು ಮಲ್ಲಿಗೆಯನ್ನು ನಾಲ್ಕು ತುಂಡು ಮಾಡಿ ಮುಡಿದುಕೊಂಡು ಮೂರು ವರ್ಷ ಕಳೆದೆವು. ನಾಲ್ವರೂ ನಮ್ಮ ನಮ್ಮ ಮನೆಗಳಲ್ಲಿ ಪದವಿ ಮುಗಿಸಿದ ಮೊದಲ ಹೆಣ್ಣುಮಕ್ಕಳು. ಮುಂದೆ ಆದದ್ದಕ್ಕೆಲ್ಲ ಬೇರು ಈ ಸಂಗತಿಯಲ್ಲಿದೆ ಎಂದು ಈಗ ನನಗೆ ತೋರುತ್ತದೆ. ನಮ್ಮ ಅಮ್ಮಂದಿರಿಗೆ ಕಷ್ಟ ಹೇಳಿಕೊಳ್ಳುವ ಹಕ್ಕಿತ್ತು. ಓದಿಲ್ಲ, ಕೈಯಲ್ಲಿ ದುಡ್ಡಿಲ್ಲ, ಏನು ಮಾಡಿಯಾಳು ಎಂದು ಊರೇ ಮರುಗುತ್ತಿತ್ತು. ನಮಗೆ ಆ ಹಕ್ಕು ಇರಲಿಲ್ಲ. ‘ಓದಿಸಿದೀವಿ, ಕೆಲಸಕ್ಕೆ ಕಳಿಸಿದೀವಿ, ಇನ್ನೇನ್ ಬೇಕಮ್ಮಾ ನಿಂಗೆ?’ ಎಂಬ ಮಾತು ತವರಿನಲ್ಲೂ ಕೇಳಿಸಿತು, ಗಂಡನ ಮನೆಯಲ್ಲೂ ಕೇಳಿಸಿತು. ಮನೆಕೆಲಸ ಒಂದಿಷ್ಟೂ ಕಡಿಮೆಯಾಗದೆ ಅದರ ಮೇಲೆ ನೌಕರಿಯೊಂದು ಬಂದು ಕೂತಿತು, ಆ ನೌಕರಿಯನ್ನೇ ನಮಗೆ ಮಾಡಿದ ಉಪಕಾರವೆಂದು ಎಣಿಸಲಾಯಿತು, ಹಾಗಾಗಿ ದಣಿದೆ ಎಂದರೆ ಉಪಕಾರ ಮರೆತಂತಾಯಿತು.

ಮನೆಯಲ್ಲಿ ಹೇಳಲಾಗದ್ದನ್ನು ಗೆಳತಿಯರ ನಡುವೆ ಹೇಳಿಕೊಂಡೆವೆಂದು ಯಾರಾದರೂ ಊಹಿಸಿದರೆ ಅದೂ ತಪ್ಪು. ನಾಲ್ವರ ವಾಟ್ಸಾಪ್ ಗುಂಪಿನಲ್ಲಿ ದಿನವೂ ಮಾತಿತ್ತು. ಅತ್ತೆಯರ ಮೇಲಿನ ತಮಾಷೆ, ಸೀರೆಯ ಫೋಟೋ, ಮಕ್ಕಳ ಅಂಕ, ಹಬ್ಬದ ಶುಭಾಶಯ ಎಲ್ಲವೂ ಇದ್ದವು. ಹದಿನೈದು ವರ್ಷ ಒಬ್ಬರಿಗೊಬ್ಬರು ನಾವು ಗೆದ್ದ ಮುಖವನ್ನೇ ತೋರಿಸಿದೆವು.

2019ರ ಏಪ್ರಿಲ್

ಬ್ಯಾಂಕಿನವಳಿಗೆ ಮೊದಲ ಮಗಳು ಹುಟ್ಟಿದ್ದು 2014ರಲ್ಲಿ, ಎರಡನೆಯವಳು 2019ರ ಏಪ್ರಿಲಿನಲ್ಲಿ. ಮಗುವಿನ ಫೋಟೋ ಗುಂಪಿಗೆ ಬಂದಾಗ ಮೊದಲು ಉತ್ತರಿಸಿದವಳು ನಾನು. ‘ಇನ್ನೊಬ್ಳು ಲಕ್ಷ್ಮಿ ಬಂದ್ಲು ಬಿಡೇ, ಮೂರನೇದಕ್ಕೆ ನೋಡೋಣ’ ಎಂದು ಬರೆದು ನಗುವ ಚಿತ್ರ ಹಾಕಿದೆ. ಟೀಚರು ಅದಕ್ಕೆ ಹೂಗುಟ್ಟಿದಳು. ಎಂಜಿನಿಯರು ಹೃದಯದ ಚಿತ್ರ ಕಳಿಸಿ ಸುಮ್ಮನಾದಳು. ಮೂರು ತಿಂಗಳು ನಮ್ಮಲ್ಲಿ ಯಾರೂ ಮಗು ನೋಡಲು ಹೋಗಲಿಲ್ಲ.

ಆ ಮೂರು ತಿಂಗಳು ಅವಳ ಕೋಣೆಯಲ್ಲಿ ಏನಾಗುತ್ತಿತ್ತೆಂಬುದು ನಮಗೆ ತಿಳಿದದ್ದು ಸುಮಾರು ಐದು ವರ್ಷದ ಮೇಲೆ. ಮೊದಲ ಬಾಣಂತನ ತವರಿನಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಿ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಮೆಣಸಿನ ಸಾರು ಯಾವುದಕ್ಕೂ ಅತ್ತೆ ಕೊರತೆ ಮಾಡಲಿಲ್ಲ. ಇದನ್ನು ಬರೆಯಲೇಬೇಕೆಂದು ಬ್ಯಾಂಕಿನವಳೇ ಒತ್ತಾಯಿಸಿದಳು, ಏಕೆಂದರೆ ಅತ್ತೆಯನ್ನು ಕೆಟ್ಟವರನ್ನಾಗಿಸಿ ಈ ಕಥೆಯನ್ನು ಮುಗಿಸಿಬಿಡುವುದು ಸುಲಭ. ಆದರೆ ನೋಡಲು ಬಂದವರೆಲ್ಲ ‘ಮತ್ತೆ ಹೆಣ್ಣಾ?’ ಎಂದು ಕೇಳಿ ನಡುಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು, ಬಾಗಿಲ ಹಿಂದೆ ಮಲಗಿದ ಅವಳಿಗೆ ಅದೆಲ್ಲ ಕೇಳುತ್ತಿತ್ತು. ಮಗು ಮಲಗಿದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹಾಲು ಕುಡಿಸುವಾಗ ಈ ಮಗು ಯಾರದ್ದೋ ಎನಿಸುತ್ತಿತ್ತು, ಹಾಗೆ ಎನಿಸಿತಲ್ಲ ಎಂದು ರಾತ್ರಿಯಿಡೀ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ನಾನಿಲ್ಲದಿದ್ದರೆ ಇವರಿಗೆಲ್ಲ ಸಲೀಸು ಎಂಬ ಯೋಚನೆ ಬರತೊಡಗಿದಾಗ ಒಮ್ಮೆ ಅತ್ತೆಯ ಹತ್ತಿರ ಬಾಯಿ ಬಿಟ್ಟಳು. ಅವರು ಹೆದರಿ, ‘ಯಾರ ಮುಂದೇನೂ ಅನ್ಬೇಡ ಕಣಮ್ಮ, ಬಾಣಂತಿ ಸನ್ನಿ ಅಂತಾರೆ’ ಎಂದು ಹೇಳಿ ಅಂತ್ರ ಕಟ್ಟಿಸಿ ತಂದರು.

ಹೆರಿಗೆಯಾದ ಮೊದಲ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಕುಗ್ಗುವುದು ಬಹಳ ತಾಯಂದಿರಿಗೆ ಆಗುತ್ತದೆ ಮತ್ತು ತಾನಾಗಿ ಕಳೆಯುತ್ತದೆ. ಎರಡು ವಾರ ದಾಟಿಯೂ ಅದು ಉಳಿದರೆ, ನಿದ್ದೆ, ಹಸಿವು, ಮಗುವಿನ ಮೇಲಿನ ಮಮತೆ ಎಲ್ಲವನ್ನೂ ನುಂಗತೊಡಗಿದರೆ ಅದು ಹೆರಿಗೆಯ ನಂತರದ ಖಿನ್ನತೆ. ಮಾತ್ರೆ ಮತ್ತು ಆಪ್ತ ಸಮಾಲೋಚನೆಯಿಂದ ವಾಸಿಯಾಗುವ ಕಾಯಿಲೆ. ನಮ್ಮ ಹಿರಿಯರ ಸನ್ನಿ ಎಂಬ ಮಾತು ನಿಜಕ್ಕೂ ಸಲ್ಲುವುದು ಇದಕ್ಕಲ್ಲ. ಅದು ಭ್ರಮೆ ಹಿಡಿಯುವ, ಅಪರೂಪದ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಎರಡಕ್ಕೂ ಒಂದೇ ಹೆಸರಿಟ್ಟದ್ದರಿಂದ ಎರಡನ್ನೂ ಮುಚ್ಚಿಡುವುದೇ ಮರ್ಯಾದೆ ಎಂಬಂತಾಯಿತು. ಈ ಖಿನ್ನತೆಯನ್ನು ಗುರುತಿಸಲೆಂದು 1987ರಲ್ಲಿ ಬಂದ ಎಡಿನ್‌ಬರೋ ಮಾಪಕದಲ್ಲಿ ಕೇವಲ ಹತ್ತು ಪ್ರಶ್ನೆಗಳಿವೆ, ಕನ್ನಡದಲ್ಲೂ ಅದು ಸಿಗುತ್ತದೆ, ತುಂಬಲು ಐದು ನಿಮಿಷ ಸಾಕು. ಅದರ ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಆ ವರ್ಷ ಆ ಮಾಪಕವನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೆ. ಅವಳ ಮನೆ ನನ್ನ ಕಾಲೇಜಿನಿಂದ ಆಟೋದಲ್ಲಿ ಹತ್ತು ನಿಮಿಷ.

ನಾನು ಏಕೆ ಹೋಗಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2017ರಿಂದ ನಾನು ಮಗುವಾಗಲೆಂದು ಐವಿಎಫ್ ಚಿಕಿತ್ಸೆ ಪಡೆಯುತ್ತಿದ್ದೆ. ಗಂಡನಿಗೂ ನನ್ನ ಅಕ್ಕನಿಗೂ ಬಿಟ್ಟು ಇನ್ನಾರಿಗೂ ಅದು ಗೊತ್ತಿರಲಿಲ್ಲ. ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ನನ್ನು ಕಾಲೇಜಿನ ಶೌಚಾಲಯದಲ್ಲಿ ಚುಚ್ಚಿಕೊಂಡು ತರಗತಿಗೆ ಹೋದ ದಿನಗಳಿವೆ. ಮೂರನೆಯ ಪ್ರಯತ್ನವೂ ನಿಲ್ಲಲಿಲ್ಲವೆಂದು ರಕ್ತಪರೀಕ್ಷೆಯಲ್ಲಿ ತಿಳಿದದ್ದು ಅದೇ ಏಪ್ರಿಲಿನಲ್ಲಿ, ಆ ಫೋಟೋ ಬರುವುದಕ್ಕೆ ಒಂಬತ್ತು ದಿನ ಮೊದಲು. ಒಂದು ಮಗುವಿಗಾಗಿ ಹಪಹಪಿಸುತ್ತಿದ್ದ ನಾನು ಎರಡನೆಯ ಹೆಣ್ಣುಮಗುವನ್ನು ‘ಬಿಡೇ’ ಎಂದು ಬರೆದೆ. ಅಸೂಯೆ ಎಂಬ ಮಾತನ್ನು ಆಗ ನನ್ನೊಳಗೂ ಉಚ್ಚರಿಸಿಕೊಂಡಿರಲಿಲ್ಲ. ಹಗುರವಾಗಿ ಬರೆದುಬಿಟ್ಟರೆ ಆ ಕ್ಷಣ ದಾಟಿಹೋಗುತ್ತದೆ ಎಂದಷ್ಟೇ ಅನಿಸಿತ್ತು.

ಅವಳು ಅದನ್ನು ಬೇರೆಯೇ ರೀತಿ ಓದಿಕೊಂಡಳು. ಹೆಣ್ಣೆಂದು ಗೆಳತಿಯರೂ ನೋಡಲು ಬರಲಿಲ್ಲ ಎಂದುಕೊಂಡಳು. ನನ್ನ ಗುಟ್ಟು ಅವಳ ಪಾಲಿಗೆ ತೀರ್ಪಾಯಿತು. ಮರುವರ್ಷ ಕೋವಿಡ್ ಬಂದು ಯಾರೂ ಯಾರ ಮನೆಗೂ ಹೋಗದಿರುವುದಕ್ಕೆ ಎಲ್ಲರಿಗೂ ಮರ್ಯಾದೆಯ ನೆಪವೊಂದು ಸಿಕ್ಕಿತು.

ಗುಂಪು ಬಿಟ್ಟ ರಾತ್ರಿ

2023ರ ನವೆಂಬರಿನಲ್ಲಿ ಭ್ರೂಣಹತ್ಯೆಯ ಜಾಲವೊಂದು ಪೊಲೀಸರ ಕೈಗೆ ಸಿಕ್ಕಿತು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದರೆಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಕಬ್ಬಿನ ಸೀಮೆಯಲ್ಲಿ ಬೆಳೆದ ನಮಗೆ ಆಲೆಮನೆಯೆಂದರೆ ಬಿಸಿ ಬೆಲ್ಲ, ಕಬ್ಬಿನ ಹಾಲು, ಚಳಿಗೆ ಕಾಯಿಸಿಕೊಳ್ಳುವ ಒಲೆ. ಟೀಚರು ಆ ಸುದ್ದಿಯ ತುಣುಕನ್ನು ಗುಂಪಿಗೆ ಹಾಕಿ, ‘ಎಂಥ ಹೆಂಗಸ್ರು ಕಣ್ರಮ್ಮಿ, ಹೆತ್ತ ಹೊಟ್ಟೆಗೆ ಕರುಣೆ ಬ್ಯಾಡ್ವಾ’ ಎಂದು ಬರೆದಳು. ಅರ್ಧ ಗಂಟೆಯೊಳಗೆ ಬ್ಯಾಂಕಿನವಳು ಗುಂಪು ಬಿಟ್ಟಳು.

ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನ ಅವಳ ಬ್ಯಾಂಕಿಗೇ ಹೋದೆ. ಊಟದ ಬಿಡುವಿನಲ್ಲಿ ಹೊರಗೆ ಬಂದು, ಡಬ್ಬಿ ತೆಗೆಯದೆ, ನಿಂತುಕೊಂಡೇ ಅವಳು ಹೇಳಿದ್ದಿಷ್ಟು: 2022ರಲ್ಲಿ ಮೂರನೆಯ ಸಲ ಗರ್ಭ ನಿಂತಿತ್ತು. ಗಂಡನ ಕಡೆಯ ಸಂಬಂಧಿಕರೊಬ್ಬರು ಗೊತ್ತಿರೋರಿದಾರೆ, ನೋಡಿಸೋಣ ಎಂದು ಎರಡು ವಾರ ಬೆನ್ನು ಹತ್ತಿದ್ದರು. ಅವಳು ಹೋಗಲಿಲ್ಲ. ಹತ್ತನೆಯ ವಾರದಲ್ಲಿ ಗರ್ಭ ತಾನಾಗಿ ಇಳಿಯಿತು, ಮನೆಯಲ್ಲಿ ಕೆಲವರು ಬೇಕಂತಲೇ ಮಾಡಿಸಿಕೊಂಡಳೆಂದರು. ‘ಎಂಥ ಹೆಂಗಸ್ರು ಅಂತ ಕೇಳಿದ್ಲಲ್ಲ ಅವ್ಳು, ನನ್ನಂಥ ಹೆಂಗಸ್ರು ಕಣೇ. ಇನ್ನೆರಡು ವಾರ ಹಿಂದೆ ಬಿದ್ದಿದ್ರೆ ಹೂಂ ಅಂತಿದ್ದೆ.’

ಟೀಚರ ಮಾತಿನ ಹಿಂದೆ ಕೆಟ್ಟ ಮನಸ್ಸಿರಲಿಲ್ಲ. ಆದರೆ 1994ರ ಕಾಯಿದೆಗೆ ತಿಳಿದದ್ದು ನಮಗೆ ತಿಳಿದಿರಲಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಆ ಕಾಯಿದೆ, ಪರೀಕ್ಷೆಗೆ ಒಳಗಾದ ಗರ್ಭಿಣಿಯನ್ನು ಗಂಡ ಅಥವಾ ಸಂಬಂಧಿಕರು ಬಲವಂತ ಮಾಡಿದ್ದಾರೆಂದೇ ಮೊದಲು ಭಾವಿಸಬೇಕು, ಹಾಗಲ್ಲವೆಂದು ರುಜುವಾತಾಗುವವರೆಗೆ ಹಾಗೆಯೇ ಕಾಣಬೇಕು ಎನ್ನುತ್ತದೆ. ಕಾನೂನು ಹೆಣ್ಣಿಗೆ ಕೊಟ್ಟ ಅಷ್ಟು ನಂಬಿಕೆಯನ್ನು ಹತ್ತೊಂಬತ್ತು ವರ್ಷದ ಗೆಳೆತನ ಕೊಟ್ಟಿರಲಿಲ್ಲ.

ಕೆರೆಯ ಏರಿಯ ಮೇಲೆ

ಡಿಸೆಂಬರಿನ ಒಂದು ಭಾನುವಾರ ನಾಲ್ವರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸೇರಿದೆವು. ಟೀಚರು ಮಂಡ್ಯದಿಂದ ಮೊದಲ ಸರ್ಕಾರಿ ಬಸ್ಸು ಹಿಡಿದು ಬಂದಿದ್ದಳು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಇಲ್ಲವಾದದ್ದರಿಂದ ಎಲ್ಲಿಗೆ, ಯಾಕೆ, ಎಷ್ಟು ಎಂದು ಮನೆಯಲ್ಲಿ ಲೆಕ್ಕ ಒಪ್ಪಿಸದೆ ಹೊರಡುವಂತಾಗಿದೆ ಎಂದು ಅವಳು ಹೇಳಿದಳು. ಸಂಬಳ ಎಣಿಸುವ ಟೀಚರೂ ಈ ಮಾತು ಹೇಳಿದ್ದು ನನ್ನನ್ನು ತಟ್ಟಿತು.

ಆ ಭೇಟಿ ಸೋತಿತು. ಬ್ಯಾಂಕಿನವಳು ಬಾಯಿ ತೆರೆದ ಕೂಡಲೇ ಮೂವರೂ ಪರಿಹಾರ ಕೊಡತೊಡಗಿದೆವು. ಗಂಡನ ಹತ್ತಿರ ಕೂತು ಮಾತಾಡು, ಯೋಗಕ್ಕೆ ಸೇರು, ಬೇರೆ ಮನೆ ಮಾಡು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮಾತು ಮಕ್ಕಳ ಟ್ಯೂಷನ್‌ಗೆ ತಿರುಗಿತ್ತು. ಬೀಳ್ಕೊಡುವಾಗ ಎಂಜಿನಿಯರು ಮಾತ್ರ ಒಂದು ಮಾತು ಕೇಳಿದಳು: ‘ನಾವು ಸುಮ್ನೆ ಕೇಳಿಸ್ಕೋಬೇಕಿತ್ತಾ, ಇಲ್ಲ ಏನಾದ್ರೂ ಮಾಡ್ಬೇಕಿತ್ತಾ?’ ಬ್ಯಾಂಕಿನವಳು ಯೋಚಿಸಿ, ‘ಕೇಳಿಸ್ಕೋಬೇಕಿತ್ತು. ಆಮೇಲೆ ನಿಮ್ದೂ ಹೇಳ್ಬೇಕಿತ್ತು. ನಾನೊಬ್ಳೇ ರೋಗಿ ಥರ ಆಗೋದೆ’ ಎಂದಳು.

ಈ ಉತ್ತರದಲ್ಲಿ ಪ್ರಕರಣದ ತಿರುವು ಇದೆ ಎಂದು ನಾನು ಭಾವಿಸುತ್ತೇನೆ. ಸಲಹೆ ಕೊಡುವವಳು ಮೇಲೆ ಕೂರುತ್ತಾಳೆ. ಅವಳ ಮನೆ ಸರಿಯಾಗಿದೆ, ಕೇಳುವವಳ ಮನೆ ಮಾತ್ರ ಕೆಟ್ಟಿದೆ ಎಂದಾಗುತ್ತದೆ. ನಾವು ಮೂವರೂ ನಮ್ಮದನ್ನು ಮುಚ್ಚಿಟ್ಟುಕೊಂಡೇ ಅವಳ ಗಾಯ ತೊಳೆಯಲು ಹೋಗಿದ್ದೆವು.

ಎಳ್ಳು ಬೀರಿದ ಸಂಜೆ

2024ರ ಸಂಕ್ರಾಂತಿಯ ಮರುದಿನ ಎಳ್ಳು ಬೀರುವ ನೆಪದಲ್ಲಿ ಸರಸ್ವತಿಪುರದ ಎಂಜಿನಿಯರ ಮನೆಯಲ್ಲಿ ಸೇರಿದೆವು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ನಮ್ಮಲ್ಲಿ ಹೇಳುತ್ತಾರೆ. ಅಂದು ನಾನು ಮೊದಲು ಆಡಿದ ಮಾತು ಒಳ್ಳೆಯದಾಗಿರಲಿಲ್ಲ, ನಿಜವಾಗಿತ್ತು. ಇಂಜೆಕ್ಷನ್ನುಗಳ ಲೆಕ್ಕ, ಮೂರು ಸೋಲು, ಒಂಬತ್ತು ದಿನ, ಆ ಸಂದೇಶ. ‘ನಿನ್ನ ಮಗೂನ ಎತ್ಕೊಳ್ಳೋಕೆ ನಂಗೆ ಆಗ್ತಿರಲಿಲ್ಲ ಕಣೇ. ಹೆಣ್ಣು ಅಂತ ಅಲ್ಲ, ಮಗು ಅಂತ’ ಎಂದೆ. ಬ್ಯಾಂಕಿನವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ಒಂದೇ: ‘ಆಗ್ಲೇ ಯಾಕ್ ಹೇಳಲಿಲ್ಲ? ಒಬ್ಬಳಾದ್ರೂ ನನ್ನಷ್ಟೇ ಅಳ್ತಿದಾಳೆ ಅಂತ ಗೊತ್ತಾಗಿದ್ರೆ ಸಾಕಿತ್ತು.’ ಅವಳು ಆ ದಿನ ನನ್ನನ್ನು ಕ್ಷಮಿಸಿದಳೆಂದು ಬರೆಯಲಾರೆ. ಕ್ಷಮೆ ಬಂದದ್ದು ತಿಂಗಳುಗಳ ಮೇಲೆ, ಸ್ವಲ್ಪ ಸ್ವಲ್ಪವಾಗಿ.

ಟೀಚರದ್ದು ಜಮೀನಿನ ವಿಷಯ. ಮದ್ದೂರು ತಾಲ್ಲೂಕಿನಲ್ಲಿ ತವರಿನ ಎರಡು ಎಕರೆ ನೀರಾವರಿ, ಕಬ್ಬು. ಅಣ್ಣ ಹಕ್ಕು ಬಿಡುಗಡೆ ಪತ್ರ ಬರೆಸಿ ತಂದು ಸಹಿ ಕೇಳುತ್ತಿದ್ದ. ತಂದೆ 2003ರಲ್ಲೇ ತೀರಿಕೊಂಡಿದ್ದಾರೆ, ಆಗ ಹೆಣ್ಣುಮಕ್ಕಳಿಗೆ ಕಾನೂನೇ ಇರಲಿಲ್ಲ ಎಂಬುದು ಅವನ ವಾದ. ಸಂಬಳದ ಕೆಲಸವಿರುವವಳು ಅಣ್ಣನ ಹೊಲಕ್ಕೆ ಆಸೆ ಪಡುತ್ತಾಳೆ ಎನ್ನುವ ಮಾತಿಗೆ ಹೆದರಿ ಅವಳು ಒಂದು ವರ್ಷದಿಂದ ನಿದ್ದೆಗೆಟ್ಟಿದ್ದಳು. ಕರ್ನಾಟಕ ತನ್ನದೇ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದು, ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತ್ತು. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2005ರ ಸೆಪ್ಟೆಂಬರ್ 9ರಂದು, ಮದುವೆಯ ಷರತ್ತೂ ಇಲ್ಲದೆ. ನಾವು ಆಗ ಹಾಸ್ಟೆಲಿನಲ್ಲಿದ್ದೆವು, ನಾಲ್ವರಲ್ಲಿ ಒಬ್ಬರಿಗೂ ಸುದ್ದಿಯಿರಲಿಲ್ಲ. ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು; 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧ ವಿಭಾಗ ಆಗಿಹೋಗಿರಬಾರದು, ಅಷ್ಟೆ. ಟೀಚರ ತವರಿನಲ್ಲಿ ವಿಭಾಗ ಆಗಿರಲಿಲ್ಲ. ಇದನ್ನು ಓದಿ ಹೇಳಿದಾಗ ಅವಳು, ‘ಕಾನೂನ್ ಗೊತ್ತು ಕಣಮ್ಮಿ. ತವರು ಬಾಗ್ಲು ಮುಚ್ಕೊಂಡ್ರೆ ಯಾವ್ ಕೋರ್ಟು ತೆಗ್ಸುತ್ತೆ?’ ಎಂದಳು. ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಈ ಬಾರಿ ಉತ್ತರ ಕೊಡುವ ಗಡಿಬಿಡಿಯನ್ನೂ ನಾವು ಮಾಡಲಿಲ್ಲ.

ಎಂಜಿನಿಯರು ಕೊನೆಗೆ ಮಾತಾಡಿದಳು, ಅದೂ ಒಳಕೋಣೆಯಲ್ಲಿದ್ದ ತಾಯಿಯ ಔಷಧಿಯ ಹೊತ್ತು ನೋಡಿಕೊಂಡು. ಅವಳಿಗೆ ಮದುವೆಯಾಗಿಲ್ಲ, ಆಗುವ ಮನಸ್ಸೂ ಇಲ್ಲ. ಇಬ್ಬರು ಅಣ್ಣಂದಿರಿದ್ದರೂ ಪಾರ್ಶ್ವವಾಯುವಾದ ತಾಯಿ ಅವಳ ಪಾಲಿಗೆ ಬಂದಿದ್ದಾರೆ, ಒಂಟಿಯಾಗಿರುವವಳಿಗೆ ಬೇಕಾದಷ್ಟು ಬಿಡುವಿರುತ್ತದೆ ಎಂಬ ಲೆಕ್ಕದಲ್ಲಿ. ‘ನೀವೂ ಹಾಗೇ ಅಂದ್ಕೊಂಡಿದೀರಿ. ನಿಂಗೇನೇ, ಗಂಡ ಇಲ್ಲ ಮಕ್ಕಳಿಲ್ಲ, ಆರಾಮ್ ಅಂತ ನೀವು ಮೂವರೂ ಎಷ್ಟು ಸಲ ಅಂದಿಲ್ಲ?’ ಅಂದಿದ್ದೆವು. ಲೆಕ್ಕವಿಟ್ಟಿರಲಿಲ್ಲ.

ಆಮೇಲೆ

ಬ್ಯಾಂಕಿನವಳು ಫೆಬ್ರವರಿಯಲ್ಲಿ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದಳು. ಕನ್ನಡದಲ್ಲೇ ಮಾತಾಡಿದ್ದು ಅವಳಿಗೆ ಧೈರ್ಯ ತಂದಿತು. ನಂತರ ಮೈಸೂರಿನ ಮನೋವೈದ್ಯರೊಬ್ಬರಲ್ಲಿಗೆ ಹೋದಳು, ನಾನು ಹೊರಗೆ ಕಾದು ಕೂತಿದ್ದೆ. ಐದು ವರ್ಷ ಚಿಕಿತ್ಸೆಯಿಲ್ಲದೆ ಉಳಿದ ಖಿನ್ನತೆಗೆ ಮಾತ್ರೆ ಹಿಡಿಯಲು ಸಮಯ ಬೇಕಾಯಿತು. ಗಂಡನ ಜೊತೆಗಿನ ಮಾತಿಗೆ ಅವಳು ತನ್ನದೇ ದಾರಿ ಹುಡುಕಿಕೊಂಡಳು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆ ಎರಡು ಅಂಕಿಗಳನ್ನು ಹೇಳಿದಾಗ ಅವಳು ಒಂದು ವಾರ ತನ್ನ ನಿಮಿಷಗಳನ್ನು ಬ್ಯಾಂಕಿನ ಲೆಡ್ಜರಿನಂತೆ ಬರೆದಿಟ್ಟಳು, ಜಗಳವಾಡದೆ ಗಂಡನ ಮುಂದೆ ಇಟ್ಟಳು. ಆತ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನದಿಂದ ಮಕ್ಕಳನ್ನು ಶಾಲೆಗೆ ಹೊರಡಿಸುವುದನ್ನು ವಹಿಸಿಕೊಂಡ. ಅಡುಗೆಮನೆಗೆ ಇನ್ನೂ ಬಂದಿಲ್ಲ. ಮೂರನೆಯ ಮಗುವಿನ ಮಾತು ಮನೆಯಲ್ಲಿ ನಿಂತಿದೆ. ಅದಕ್ಕೆ ಯಾವ ಚರ್ಚೆಯೂ ಕಾರಣವಲ್ಲ, ‘ನಂಗೆ ಬೇಡ’ ಎಂದು ಅವಳು ಅತ್ತೆಯ ಮುಂದೆ ಒಂದೇ ಸಲ, ಗಟ್ಟಿಯಾಗಿ ಹೇಳಿದ್ದು ಕಾರಣ. ಅತ್ತೆ ಆ ರಾತ್ರಿ ಅವಳ ತಲೆಗೆ ಎಣ್ಣೆ ಹಚ್ಚಿದರಂತೆ, ಏನೂ ಹೇಳದೆ.

ಟೀಚರು ಇನ್ನೂ ಸಹಿ ಹಾಕಿಲ್ಲ, ದಾವೆಯನ್ನೂ ಹೂಡಿಲ್ಲ. ಆ ವರ್ಷ ಗೌರಿಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅಂದು ಅವಳು ಶಾಲೆಯಿಂದ ನೇರ ಬಸ್ ಹತ್ತಿ ಬ್ಯಾಂಕಿನವಳ ಮನೆಗೆ ಬಂದಳು. ಬಾಗಿನ ನಾವು ಕೊಟ್ಟೆವು, ಆದರೆ ಅಣ್ಣನ ಬಾಗಿನ ಬೇರೆ ಎಂಬುದು ಅವಳ ಮುಖದಲ್ಲೇ ಇತ್ತು. ನಾವೂ ಹಾಗಲ್ಲವೆಂದು ಸಮಾಧಾನ ಹೇಳಲಿಲ್ಲ.

ಚಿಕಿತ್ಸೆಯನ್ನು ನಿಲ್ಲಿಸಿದ್ದೇನೆಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಇದರಲ್ಲಿ ಹೇಳುವಂಥದ್ದು ಇಷ್ಟೇ.

ಎಂಜಿನಿಯರು ಮಾತ್ರ ತನಗೆ ಇನ್ನು ಕೇಳಿಸಿಕೊಳ್ಳುವವರು ಬೇಡ, ಭಾನುವಾರ ನಾಲ್ಕು ಗಂಟೆ ಅಮ್ಮನ ಹತ್ತಿರ ಕೂರುವವರು ಬೇಕು ಎಂದು ನೇರವಾಗಿ ಹೇಳಿದಳು. ಮೂವರೂ ಸರದಿ ಹಚ್ಚಿಕೊಂಡಿದ್ದೇವೆ, ಹಾಸ್ಟೆಲಿನ ಬಿಸಿನೀರಿಗೆ ಹಚ್ಚಿಕೊಂಡಂತೆ. ಅವಳು ಆ ಹೊತ್ತಿನಲ್ಲಿ ಏನು ಮಾಡುತ್ತಾಳೆಂದು ನಾವು ಕೇಳುವುದಿಲ್ಲ. ಒಮ್ಮೆ ಬರೀ ಮಲಗಿದ್ದೆ ಎಂದಳು. ನನ್ನ ಸರದಿಯ ಭಾನುವಾರಗಳಲ್ಲಿ ಬ್ಯಾಂಕಿನವಳ ಕಿರಿಯ ಮಗಳೂ ನನ್ನ ಜೊತೆ ಬರುತ್ತಾಳೆ. ಆಟೋದಲ್ಲಿ ನನ್ನ ತೊಡೆಯ ಮೇಲೆ ಕೂರುತ್ತಾಳೆ, ಅಜ್ಜಿಯ ಅಲುಗಾಡದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸುತ್ತಾಳೆ.